ಮಲೇಷ್ಯಾ ಪ್ರವಾಸ: ಪೆನಾಂಗೋ, ಮಲಕ್ಕಾನೋ?

ಕೌಲಾಲಂಪುರ ನೋಡಿದ ಮೇಲೆ ಇನ್ನೊಂದೇ ಊರಿಗೆ ಸಮಯ ಇದ್ದರೆ ಯಾವುದಕ್ಕೆ ಹೋಗಬೇಕು? ಪೆನಾಂಗಿನ ಜಾರ್ಜ್‌ಟೌನ್ ಮತ್ತು ಮಲಕ್ಕಾ, ಎರಡೂ 2008ರಲ್ಲಿ ಒಟ್ಟಿಗೇ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದ ಹಳೇ ಬಂದರುಗಳು.

ಕೈಯಲ್ಲಿ ಒಂದೇ ದಿನ ಇದ್ದರೆ ಮಲಕ್ಕಾ. ಬಸ್ಸಿನಲ್ಲಿ ಸುಮಾರು ಎರಡು ಗಂಟೆ ಅಷ್ಟೇ. ಈ ಊರು 1511ರಲ್ಲಿ ಪೋರ್ಚುಗೀಸರ, 1641ರಲ್ಲಿ ಡಚ್ಚರ, ಆಮೇಲೆ ಬ್ರಿಟಿಷರ ಕೈಗೆ ಹೋಯಿತು. ಡಚ್ಚರ ಕೆಂಪು ಕಟ್ಟಡದಿಂದ ನದಿ ದಾಟಿದರೆ ಒಂದೇ ಬೀದಿಯಲ್ಲಿ ಗಣಪತಿ ಗುಡಿ, ಮಸೀದಿ, ಚೀನೀ ದೇವಸ್ಥಾನ ಸಿಗುತ್ತವೆ. ಆ ಗುಡಿ ಚಿಟ್ಟಿ ಸಮುದಾಯದ್ದು. ತಮಿಳು ಮೂಲದ ಹಿಂದೂಗಳು, ಮನೆಮಾತು ಮಲಯ! ಇದೊಂದಕ್ಕಾಗಿಯೇ ಹೋಗಬಹುದು ಅನ್ನುತ್ತೇನೆ. ಜೋಂಕರ್ ಬೀದಿಯ ರಾತ್ರಿ ಸಂತೆ ಬೇಕಿದ್ದರೆ ವಾರಾಂತ್ಯಕ್ಕೇ ಹೋಗಿ. ಆಗ ಜನಜಂಗುಳಿ ಜಾಸ್ತಿ, ರೂಮಿನ ಬಾಡಿಗೆಯೂ ಜಾಸ್ತಿ.

ಎರಡು ಮೂರು ದಿನ ಇದ್ದರೆ, ಅದರಲ್ಲೂ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ, ಕಣ್ಣುಮುಚ್ಚಿ ಪೆನಾಂಗ್ ಆರಿಸಿ. ದೂರ ನಿಜ, ಆದರೆ ವಿಮಾನದಲ್ಲಿ ಒಂದೇ ಗಂಟೆ. ಗುಡ್ಡ ಹತ್ತಿಸುವ ರೈಲು, ಸಮುದ್ರ ತೀರ, ಕೆಕ್ ಲೋಕ್ ಸಿ ಬೌದ್ಧ ದೇವಾಲಯ ಎಲ್ಲ ಇವೆ.

ಸಸ್ಯಾಹಾರಿಗಳಿಗೂ ಪೆನಾಂಗೇ ಸಲೀಸು. ಲಿಟಲ್ ಇಂಡಿಯಾದಲ್ಲಿ ಬಾಳೆಎಲೆ ಊಟ, ದೋಸೆ ಸಿಗುತ್ತದೆ. ಎರಡೂ ಕಡೆ ತರಕಾರಿ ಪಲ್ಯಕ್ಕೂ ಬೆಲಾಚಾನ್ ಅಂದರೆ ಸೀಗಡಿ ಪೇಸ್ಟ್ ಹಾಕುವುದುಂಟು. ಆರ್ಡರ್ ಮಾಡುವ ಮೊದಲೇ ಕೇಳಿಬಿಡಿ.