ಗ್ಲಾಕೋಮಾ ಡ್ರಾಪ್ಸ್: ಔಷಧಿಗೆ ಐದು ಸ್ಟಾರ್, ಬಾಟಲಿಗೆ ಒಂದು ಕೊಟ್ಟರೂ ಜಾಸ್ತಿ

ನನ್ನ ತಕರಾರು ಔಷಧಿಯ ಮೇಲಲ್ಲ, ಅದನ್ನು ತುಂಬಿ ಕಳಿಸುವ ಬಾಟಲಿಯ ಮೇಲೆ. ನನಗೆ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ. ಅದಕ್ಕೆ 2016ರಿಂದ ದಿನಾ ರಾತ್ರಿ ಎರಡೂ ಕಣ್ಣಿಗೆ ಲ್ಯಾಟಾನೊಪ್ರೋಸ್ಟ್ ಅನ್ನುವ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದೇನೆ. ಮಧ್ಯೆ ಕಂಪನಿ ಬದಲಾಗಿದೆ, ಬೆಲೆ ಏರಿದೆ, ಡಬ್ಬದ ಬಣ್ಣ ಬೇರೆಯಾಗಿದೆ. ಒಳಗಿನ ಔಷಧಿ ಅದೇ, ಕೆಲಸವೂ ಅದೇ. ಬಾಟಲಿ ಮಾತ್ರ ಪ್ರತಿ ಸಲ ಹೊಸ ತಲೆನೋವು ತರುತ್ತದೆ.

ಇದನ್ನು ಮಾಡುವವರು ಅರವತ್ತು ದಾಟಿದವರ ಕೈಯನ್ನು ಒಮ್ಮೆಯಾದರೂ ನೋಡಿದ್ದಾರಾ? ನನಗಂತೂ ಅನುಮಾನ. ಒಂದು ಕಂಪನಿಯ ಪ್ಲಾಸ್ಟಿಕ್ ಎಷ್ಟು ಗಟ್ಟಿ ಅಂದರೆ, ಒತ್ತಿದರೆ ಏನೂ ಬರುವುದಿಲ್ಲ. ಇನ್ನೂ ಒತ್ತಿದರೂ ಬರುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಮೂರು ಹನಿ ಒಟ್ಟಿಗೆ ಬಂದು ಕೆನ್ನೆ ಮೇಲೆ ಇಳಿಯುತ್ತವೆ. ಇನ್ನೊಂದು ಕಂಪನಿಯದು ಇದಕ್ಕೆ ಉಲ್ಟಾ, ಬಗ್ಗಿಸಿದರೆ ಸಾಕು ಸುರಿಯುತ್ತದೆ. ಮುಚ್ಚಳ ಬೆರಳಿಗೇ ಸಿಗುವುದಿಲ್ಲ. ಕೈ ಜಾರಿದರೆ ಮಂಚದ ಕೆಳಗೆ. ದಿನವಿಡೀ ತೋಟದಲ್ಲಿ ಕಾಫಿ ಗಿಡದ ಕಂಬಚಿಗುರು (ಕಾಂಡದಲ್ಲಿ ಬರುವ ಬೇಡದ ಚಿಗುರು) ತೆಗೆದು ಮರಗಟ್ಟಿದ ಬೆರಳಿನಲ್ಲಿ, ಅದೂ ಡಿಸೆಂಬರ್ ಚಳಿಯಲ್ಲಿ, ರಾತ್ರಿ ಹತ್ತಕ್ಕೆ ಇದನ್ನು ತಿರುಗಿಸಿ ತೆಗೆಯುವುದೇ ಒಂದು ಸಾಹಸ.

ಲೆಕ್ಕ ನೋಡಿ. ಬಾಟಲಿಯಲ್ಲಿ ಇರುವುದು ಎರಡೂವರೆ ಮಿಲಿ. ಹನಿ ಲೆಕ್ಕದಲ್ಲಿ ಸುಮಾರು 80. ತೆರೆದ ಮೇಲೆ ನಾಲ್ಕು ವಾರದಲ್ಲಿ ಮುಗಿಸಬೇಕು ಅಂತ ನಮ್ಮ ಡಾಕ್ಟರ್ ಹೇಳಿದ್ದಾರೆ. ಕಣ್ಣಿಗೊಂದು ಹನಿಯಂತೆ 28 ರಾತ್ರಿಗೆ 56 ಹನಿ ಸಾಕು. ಅಂದರೆ ಜೋಪಾನವಾಗಿ ಹಾಕಿದರೆ ಮಿಕ್ಕಿದ್ದನ್ನು ಎಸೆಯಬೇಕು. ಕೈ ತಪ್ಪುತ್ತಾ ಹೋದರೆ ತಿಂಗಳು ತುಂಬುವ ಮೊದಲೇ ಖಾಲಿ. ಎರಡರಲ್ಲೂ ನಷ್ಟ ನಮಗೇ, ಅಲ್ವಾ? ಕಾಫಿ ಬೆಳೆಗಾರನಿಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಮಾರಿದ ಮೇಲೆ. ಡ್ರಾಪ್ಸ್ ಮಾತ್ರ ಪ್ರತಿ ತಿಂಗಳೂ ಕೇಳುತ್ತದೆ. ನಮ್ಮದು ಸೋಮವಾರಪೇಟೆ ಕಡೆ ಸಣ್ಣ ತೋಟ. ಕೆನ್ನೆ ಮೇಲೆ ಹರಿದು ಹೋಗುವ ಒಂದೊಂದು ಹನಿಯೂ ನನಗೆ ಕಾಸಾಗಿಯೇ ಕಾಣುತ್ತದೆ.

ಕೆನ್ನೆ ಮೇಲೆ ಬಿದ್ದಿದ್ದನ್ನು ಒರೆಸದೆ ಬಿಟ್ಟರೆ ಇನ್ನೊಂದು ರಗಳೆ. ಕಣ್ಣಿನ ಸುತ್ತ ಚರ್ಮ ಕಪ್ಪಾಗುತ್ತದೆ. ರೆಪ್ಪೆಕೂದಲು ಹೇಗೂ ಉದ್ದ ಬೆಳೆಯುತ್ತದೆ, ಅದು ಈ ಔಷಧಿಯ ಗುಣ. "ಈ ವಯಸ್ಸಲ್ಲಿ ಕಾಡಿಗೆ ಹಚ್ಚಿಕೊಂಡ್ರಾ?" ಅಂತ ನನ್ನಾಕೆ ಕೇಳಿದ್ದಳು. ಇದೇ ಜಾತಿಯ ಇನ್ನೊಂದು ಔಷಧಿ ಬೈಮಾಟೊಪ್ರೋಸ್ಟ್. ಅದನ್ನು ರೆಪ್ಪೆಕೂದಲು ಬೆಳೆಸಲಿಕ್ಕೆ ಅಂತಲೇ ಮಾರಲು 2008ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ನನಗೆ ಪುಕ್ಕಟೆ ಸಿಕ್ಕಿದೆ ಅಂದುಕೊಂಡು ಸುಮ್ನಿದ್ದೇನೆ. ಮೊದಲ ತಿಂಗಳುಗಳಲ್ಲಿ ಕಣ್ಣು ಕೆಂಪಾಗಿ, ಮದುವೆ ಮನೆಯಲ್ಲಿ "ಏನಣ್ಣ, ನಿನ್ನೆ ಸ್ವಲ್ಪ ಜಾಸ್ತಿ ಆಯ್ತಾ?" ಅಂತ ಕೇಳಿದವರಿಗೆ ಕಮ್ಮಿಯಿಲ್ಲ. ಕೊಡಗಿನಲ್ಲಿ ಕೆಂಪು ಕಣ್ಣಿಗೆ ಬೇರೆ ಕಾರಣ ಇರಬಹುದು ಅಂದರೆ ಯಾರು ನಂಬುತ್ತಾರೆ!

ಇಷ್ಟೆಲ್ಲ ಬೈದರೂ ಬಿಡದೆ ಹಾಕುವುದು ಯಾಕೆ ಅಂದರೆ, ಕೆಲಸ ಮಾಡುತ್ತದೆ. ಮೊದಲ ಸಲ ಕಣ್ಣಿನ ಪ್ರೆಶರ್ ನೋಡಿದಾಗ ಬಲಗಣ್ಣು 28, ಎಡಗಣ್ಣು 26. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕು. ಈ ಒಂದೇ ಡ್ರಾಪ್ಸ್‌ನಲ್ಲಿ ಎರಡೂ ಕಣ್ಣು 20ರ ಕೆಳಗೆ ಬಂದವು. ಕಣ್ಣಿನೊಳಗೆ ಒಂದು ನೀರು ಸದಾ ಹುಟ್ಟುತ್ತಾ, ಬಸಿದು ಹೋಗುತ್ತಾ ಇರುತ್ತದೆ. ಕಣ್ಣೀರು ಬೇರೆ, ಇದು ಬೇರೆ. ಬಸಿಯುವುದು ನಿಧಾನವಾದರೆ ಒತ್ತಡ ಏರಿ ಹಿಂದಿನ ನರ ಸಾಯುತ್ತಾ ಹೋಗುತ್ತದೆ. ಲ್ಯಾಟಾನೊಪ್ರೋಸ್ಟ್ ಮಾಡುವುದು ತೋಟದಲ್ಲಿ ಬಸಿಗಾಲುವೆ ಬಿಡಿಸುವ ಕೆಲಸವನ್ನೇ.

ಇದರಲ್ಲಿ ಒಂದು ಬೇಜಾರು ಏನಂದರೆ, ಹಾಕಿದ್ದರಿಂದ ಆದ ಒಳ್ಳೆಯದು ನಮಗೆ ಗೊತ್ತೇ ಆಗುವುದಿಲ್ಲ. ದೃಷ್ಟಿ ಚುರುಕಾಗುವುದಿಲ್ಲ. ನೋವು ಇರಲೇ ಇಲ್ಲ, ಹಾಗಾಗಿ ಕಮ್ಮಿ ಆಗುವ ಮಾತೂ ಇಲ್ಲ. ನಮ್ಮಪ್ಪನಿಗೂ ಗ್ಲಾಕೋಮಾ ಇತ್ತು. "ಕಣ್ಣು ನೋಯ್ತಾ ಇಲ್ಲ, ಸುಮ್ನೆ ಯಾಕೆ ಹಾಕ್ಕೊಳ್ಳೋದು?" ಅಂತ ಬಾಟಲಿಯನ್ನು ಅಟ್ಟಕ್ಕೆ ಹಾಕಿದ್ದರು. ಎದುರಿಗಿರುವುದು ಚೆನ್ನಾಗಿ ಕಾಣುತ್ತಿತ್ತು. ಪೇಪರ್ ಓದುತ್ತಿದ್ದರು. ಪಕ್ಕದಿಂದ ಬರುವುದು ಮಾತ್ರ ಕಾಣುತ್ತಿರಲಿಲ್ಲ. ಕಾಫಿ ಗಿಡದ ರೆಕ್ಕೆ, ಅಂದರೆ ಅಡ್ಡ ಕೊಂಬೆ, ಬಡಿದು ಎಡಗಡೆ ಕಿವಿ, ಭುಜ ಎಲ್ಲ ಗೀರು. ಹೋದ ದೃಷ್ಟಿಯನ್ನು ಯಾವ ಡ್ರಾಪ್ಸೂ ವಾಪಸ್ ತರುವುದಿಲ್ಲ. ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರಿಗಾದರೂ ಇದ್ದರೆ ನೀವೂ ಒಮ್ಮೆ ಕಣ್ಣಿನ ಪ್ರೆಶರ್ ನೋಡಿಸಿಕೊಳ್ಳಿ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ತೆರೆದ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬೇಕಿಲ್ಲ, 25 ಡಿಗ್ರಿ ಒಳಗೆ ಹೊರಗೇ ಇಡಬಹುದು ಅಂತ ಡಬ್ಬದ ಮೇಲೆ ಬರೆದಿರುತ್ತದೆ. ನಾನು ಮಾತ್ರ ಫ್ರಿಜ್‌ನಲ್ಲೇ ಇಡುತ್ತೇನೆ. ಕಾರಣ ಬೇರೆ. ತಣ್ಣಗಿನ ಹನಿ ಕಣ್ಣಿಗೆ ಬಿದ್ದರೆ ಬಿದ್ದದ್ದು ಗೊತ್ತಾಗುತ್ತದೆ! ಬೆಚ್ಚಗಿದ್ದರೆ ಕಣ್ಣಿಗೆ ಬಿತ್ತಾ, ರೆಪ್ಪೆಗೆ ಬಿತ್ತಾ ಅಂತ ತಿಳಿಯದೆ ಇನ್ನೊಂದು ಹನಿ ಹಾಕುತ್ತೇವೆ. ತಣ್ಣಗಿದ್ದರೆ ಆ ಅನುಮಾನವೇ ಇಲ್ಲ. ಚುಳ್ ಅನ್ನುತ್ತದೆ, ಮುಗಿಯಿತು. ಇದನ್ನು ಶುರು ಮಾಡಿದ ಮೇಲೆ ಬಾಟಲಿ ತಿಂಗಳು ತುಂಬ ಬರುತ್ತಿದೆ.

ಊಟ ಆದ ಮೇಲೆ ಕೈ ತೊಳೆದು ಮಂಚದ ಮೇಲೆ ಅಂಗಾತ ಮಲಗುತ್ತೇನೆ. ತಲೆದಿಂಬು ತೆಗೆದುಬಿಡುತ್ತೇನೆ. ಹೆಂಚಿನ ಮಾಡಿನಲ್ಲಿ ಒಂದು ಗಾಜಿನ ಹೆಂಚು ಇದೆ, ಅದನ್ನೇ ನೋಡುತ್ತೇನೆ. ಎಡಗೈ ತೋರುಬೆರಳಿನಿಂದ ಕೆಳರೆಪ್ಪೆ ಎಳೆದರೆ ಸಣ್ಣ ಜೇಬಿನಷ್ಟು ಜಾಗ ಆಗುತ್ತದೆ. ಬಾಟಲಿ ಹಿಡಿದ ಬಲಗೈಯನ್ನು ಹಣೆ ಮೇಲೆ ಊರಬೇಕು, ಆಗ ನಡುಗುವುದಿಲ್ಲ. ತುದಿ ರೆಪ್ಪೆಗೆ ತಾಗಬಾರದು, ತಾಗಿದರೆ ಬಾಟಲಿ ಕೆಟ್ಟಂತೆಯೇ. ಹನಿ ಬಿದ್ದ ಕೂಡಲೇ ಪಟಪಟ ಬಡಿಯದೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿಯುತ್ತೇನೆ. ಎರಡು ನಿಮಿಷ. ಗಡಿಯಾರ ನೋಡುವಂತಿಲ್ಲವಲ್ಲ, ಹಾಗಾಗಿ ಮಡಿಕೇರಿ ಆಕಾಶವಾಣಿ ಹಾಕಿರುತ್ತೇನೆ. ಅರ್ಧ ಹಾಡು ಅಂದರೆ ಸರಿಯಾಗುತ್ತದೆ. ಅಡುಗೆ ಮನೆಯಿಂದ "ಹಾಕ್ಕೊಂಡ್ರಾ?" ಅಂತ ಕೂಗು ಬರುತ್ತದೆ. "ಹ್ಞಾ" ಅನ್ನುತ್ತೇನೆ. ಮದುವೆಯಾದಾಗಿನಿಂದ ದಿನಾ ಹೀಗೆ ಎರಡು ನಿಮಿಷ ಏನೂ ಮಾಡದೆ ಮಲಗಿದ್ದು ನನಗೆ ನೆನಪಿಲ್ಲ. ಈಗ ಅದನ್ನು ಕಾಯುವಂತಾಗಿದೆ.

ಮೂಲೆ ಒತ್ತುವುದು ಯಾಕೆ ಅಂತ ಸರಿಯಾಗಿ ಅರ್ಥವಾಗಿದ್ದು ಎರಡನೇ ಡ್ರಾಪ್ಸ್ ಬಂದ ಮೇಲೆ. ಕೆಲವು ವರ್ಷದ ನಂತರ ಪ್ರೆಶರ್ ಮತ್ತೆ ಸ್ವಲ್ಪ ಏರಿತು. ಡಾಕ್ಟರ್ ಟಿಮೊಲಾಲ್ ಸೇರಿಸಿದರು. ತುಂಬ ಹಳೆಯ ಔಷಧಿ, 1978ರಿಂದ ಇದೆ, ಕಮ್ಮಿ ಬೆಲೆ. ಅದು ಬಸಿಯುವುದನ್ನು ಹೆಚ್ಚು ಮಾಡುವ ಬದಲು ನೀರು ಹುಟ್ಟುವುದನ್ನೇ ಕಮ್ಮಿ ಮಾಡುತ್ತದೆ. ನನಗೆ ಆಗಿಬರಲಿಲ್ಲ. ತೋಟದ ಬರೆ, ಅಂದರೆ ಇಳಿಜಾರು, ಹತ್ತುವಾಗ ಎದೆ ಬಿಗಿದು ಏದುಸಿರು. ನಾಡಿ ನಿಧಾನ. ಕಣ್ಣಿಗೆ ಹಾಕಿದ್ದು ಎದೆಗೆ ಹೇಗೆ ಹೋಯಿತು ಅಂತ ಕೇಳಿದೆ. ಕಣ್ಣಿನ ಮೂಲೆಯಿಂದ ಮೂಗಿಗೆ ದಾರಿ ಇದೆ, ಮೂಗಿನಿಂದ ರಕ್ತಕ್ಕೆ ಸೇರುತ್ತದೆ ಅಂದರು. ಅಸ್ತಮಾ ಇದ್ದವರಿಗೆ, ನಾಡಿ ನಿಧಾನ ಇದ್ದವರಿಗೆ ಟಿಮೊಲಾಲ್ ಬೇಡ. ಅದನ್ನು ನಿಲ್ಲಿಸಿ ಡಾರ್ಜೊಲಮೈಡ್ ಅನ್ನುವ ಬೇರೆ ಡ್ರಾಪ್ಸ್ ಬರೆದುಕೊಟ್ಟರು.

ಡಾರ್ಜೊಲಮೈಡ್ ಹಾಕಿದರೆ ಗಂಟಲಲ್ಲಿ ಕಹಿ. ಅಂತಿಂಥ ಕಹಿ ಅಲ್ಲ. ಬೆಳಿಗ್ಗೆ ಹಾಕಿ ಬೆಲ್ಲದ ಕಾಫಿ ಕುಡಿದರೆ ಕಾಫಿ ಕಾಫಿಯಾಗಿಯೇ ಉಳಿಯುವುದಿಲ್ಲ. ನಮ್ಮದೇ ತೋಟದ ಕಾಫಿ, ಮನೆಯಲ್ಲೇ ಹುರಿದು ಪುಡಿ ಮಾಡಿದ್ದು. ಅದನ್ನು ಮುಖ ಕಿವುಚಿಕೊಂಡು ಕುಡಿಯುವ ಗತಿ ಬಂತು. ಒಂದು ದಿನ ರೇಗಿ ಮೂಲೆಯನ್ನು ಗಟ್ಟಿಯಾಗಿ ಒತ್ತಿ, ಎರಡು ನಿಮಿಷಕ್ಕಿಂತ ಜಾಸ್ತಿಯೇ ಹಿಡಿದೆ. ಕಹಿ ಬರಲಿಲ್ಲ! ಗಂಟಲಿಗೆ ಕಹಿ ಬಂತು ಅಂದರೆ ಔಷಧಿ ಕಣ್ಣು ಬಿಟ್ಟು ಮೂಗಿಗೆ ಇಳಿದಿದೆ ಅಂತ ಲೆಕ್ಕ. ಸರಿಯಾಗಿ ಒತ್ತಿದೆನಾ ಇಲ್ಲವಾ ಅಂತ ಈಗ ಕಾಫಿಯೇ ಹೇಳಿಬಿಡುತ್ತದೆ.

ಇಲ್ಲಿಗೆ ಸಮಾಧಾನ ಆಗಿತ್ತು. ಅಷ್ಟರಲ್ಲಿ ಮೆಡಿಕಲ್‌ನವರ ಕಥೆ ಶುರುವಾಯಿತು. ಡಾರ್ಜೊಲಮೈಡ್ ಒಂದೇ ಇರುವ ಬಾಟಲಿ ನಮ್ಮ ಕಡೆ ಕಷ್ಟ. ಟಿಮೊಲಾಲ್ ಬೆರೆಸಿದ್ದೇ ಎಲ್ಲ ಕಡೆ ಇರುತ್ತದೆ. ಚೀಟಿ ಕೊಟ್ಟರೆ ಅಂಗಡಿ ಹುಡುಗ ಬೆರೆಸಿದ್ದನ್ನೇ ತಂದು "ಎರಡೂ ಒಂದೇ ಸರ್, ಇದು ಇನ್ನೂ ಒಳ್ಳೇದು" ಅಂದ. ಹೆಸರೂ ಹೆಚ್ಚುಕಮ್ಮಿ ಒಂದೇ ಥರ, ಹಿಂದೆ ಒಂದು ಅಕ್ಷರ ಜಾಸ್ತಿ ಅಷ್ಟೇ. ಡಬ್ಬದ ಮೇಲಿನ ಸಣ್ಣ ಅಕ್ಷರವನ್ನು ನಾನು ಭೂತಗನ್ನಡಿ ಹಿಡಿದು ಓದಿದ್ದರಿಂದ ಸರಿಹೋಯಿತು. ಕಣ್ಣು ಮಂಜಾದವರ ಔಷಧಿಗೆ ಇರುವೆಯಷ್ಟು ಅಕ್ಷರ ಯಾಕೆ ಹಾಕುತ್ತಾರೋ! ಈಗ ಖಾಲಿ ಡಬ್ಬದ ಮುಖವನ್ನೇ ಕತ್ತರಿಸಿ ಪರ್ಸ್‌ನಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನೇ ತೋರಿಸುತ್ತೇನೆ, "ಇದೇ ಬೇಕು, ಬೆರೆಸಿದ್ದು ಬೇಡ" ಅನ್ನುತ್ತೇನೆ.

ಮಳೆಗಾಲದ ವಿಷಯ ಬೇರೆಯೇ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವಂತಿಲ್ಲ. ತೆರೆಯದ ಲ್ಯಾಟಾನೊಪ್ರೋಸ್ಟ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. 2018ರ ಆಗಸ್ಟ್‌ನಲ್ಲಿ ಬರೆ ಕುಸಿದು ರಸ್ತೆಗಳು ಮುಚ್ಚಿದಾಗ ಕರೆಂಟಿಲ್ಲದೆ ಫ್ರಿಜ್ ಬರೀ ಕಪಾಟು ಆಗಿತ್ತು. ಒಳಗೆ ತೆರೆಯದ ಬಾಟಲಿ ಒಂದಿತ್ತು. ಹಾಳಾಯಿತು ಅಂದುಕೊಂಡಿದ್ದೆ. ಆಮೇಲೆ ಡಾಕ್ಟರನ್ನು ಕೇಳಿದರೆ ಅವರು ನಕ್ಕರು. ಮೂಲ ಕಂಪನಿಯ ಸೂಚನೆಯಲ್ಲೇ, ಸಾಗಿಸುವಾಗ 40 ಡಿಗ್ರಿವರೆಗಿನ ಬಿಸಿಯಲ್ಲಿ ಎಂಟು ದಿನದವರೆಗೆ ಇದ್ದರೂ ಪರವಾಗಿಲ್ಲ ಅಂತ ಇದೆಯಂತೆ. ನಮ್ಮ ಆಗಸ್ಟ್‌ನಲ್ಲಿ 40 ಡಿಗ್ರಿ ಎಲ್ಲಿ ಬಂತು? ಕಂಬಳಿ ಹೊದ್ದು ಕೂತಿದ್ದೆವು. ನಿಜವಾಗಿ ಹುಷಾರಾಗಿರಬೇಕಾದ್ದು ಏಪ್ರಿಲ್‌ನಲ್ಲಿ. ಮೈಸೂರಿನಿಂದ ಬಾಟಲಿ ಕೊಂಡು ಹುಣಸೂರು, ಪಿರಿಯಾಪಟ್ಟಣ ದಾಟಿ ಬರುವಾಗ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಮಳೆ ಶುರುವಾಗುವ ಮೊದಲು ಒಂದು ಬಾಟಲಿ ಹೆಚ್ಚಿಗೆ ತಂದಿಡುವುದು ಈಗ ಅಕ್ಕಿ, ಸೀಮೆಎಣ್ಣೆ ಜೊತೆಗಿನ ಪಟ್ಟಿಯಲ್ಲೇ ಸೇರಿದೆ. ಎಲ್ಲ ಕಂಪನಿಯ ಸೂಚನೆಯೂ ಒಂದೇ ಅಲ್ಲ, ಕೆಲವು ಫ್ರಿಜ್ ಬೇಡದ ಥರವೂ ಬಂದಿವೆ. ನಿಮ್ಮ ಡಬ್ಬದ ಮೇಲಿರುವುದನ್ನು ನೋಡಿಕೊಳ್ಳಿ.

ಬಾಟಲಿ ತೆರೆದ ತಾರೀಖನ್ನು ಅದರ ಮೇಲೆ ಬರೆದರೆ ಫ್ರಿಜ್ ತೇವಕ್ಕೆ ಅಳಿಸಿ ಹೋಗುತ್ತದೆ. ಅಡುಗೆ ಮನೆಯ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕದ ಪಕ್ಕ, "ಕಣ್ಣು" ಅಂತ ಬರೆಯುತ್ತೇನೆ. ರಾತ್ರಿ ಎರಡೂ ಔಷಧಿ ಹಾಕುವುದಿದ್ದರೆ ಮಧ್ಯೆ ಐದು ನಿಮಿಷ ಬಿಡಬೇಕು. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಈಗಿನ ಪ್ರೆಶರ್ 15, 16ರ ಆಸುಪಾಸು. ನೋಟದ ಹರವು ಅಳೆಯಲು, ಚುಕ್ಕೆ ಕಂಡಾಗ ಗುಂಡಿ ಒತ್ತುವ ಆ ಫೀಲ್ಡ್ ಟೆಸ್ಟ್‌ನಲ್ಲಿ ಹೊಸ ಕಪ್ಪು ಜಾಗ ಬಂದಿಲ್ಲ. ಆ ಟೆಸ್ಟ್ ಬಗ್ಗೆ ಬರೆಯಲು ಕೂತರೆ ಇನ್ನೊಂದು ವಿಮರ್ಶೆಯೇ ಆಗುತ್ತದೆ, ಬಿಡಿ.

ಡ್ರಾಪ್ಸ್ ಬೇಡ ಅನ್ನುವವರಿಗೆ ಲೇಸರ್ ಚಿಕಿತ್ಸೆ ಇದೆ. ಬ್ರಿಟನ್‌ನಲ್ಲಿ ನಡೆದ ಒಂದು ಅಧ್ಯಯನ 2019ರಲ್ಲಿ ಹೊರಬಂತು. ಮೊದಲೇ ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಮಂದಿಗೆ ಮೂರು ವರ್ಷ ಆದರೂ ಡ್ರಾಪ್ಸ್ ಬೇಕಾಗಿರಲಿಲ್ಲವಂತೆ. ನನ್ನ ಕಣ್ಣಿಗೆ ಅದು ಹೊಂದುತ್ತದಾ ಅಂತ ಈ ಸಲ ರೊಬಸ್ಟಾ ಮಾರಿದ ಮೇಲೆ ಕೇಳಬೇಕು ಅಂತಿದ್ದೇನೆ. ಹೊಂದಿದರೆ ಡಾರ್ಜೊಲಮೈಡ್ ಬಿಡಲು ನನಗೇನೂ ಬೇಸರವಿಲ್ಲ. ರಾತ್ರಿಯದನ್ನು ಬಿಡಿ ಅಂದರೆ ಸ್ವಲ್ಪ ಯೋಚಿಸುತ್ತೇನೇನೋ.

ಕಂಪನಿಯವರು ಯಾರಾದರೂ ಓದುತ್ತಿದ್ದರೆ ಮೂರೇ ಕೋರಿಕೆ. ಮುಚ್ಚಳ ಎರಡರಷ್ಟು ದೊಡ್ಡದು ಮಾಡಿ. ಪ್ಲಾಸ್ಟಿಕ್ ಮೆತ್ತಗೆ ಮಾಡಿ. ಔಷಧಿಯ ಹೆಸರನ್ನು ಕನ್ನಡದಲ್ಲಿ, ಕನ್ನಡಕ ಇಲ್ಲದೆ ಓದುವಷ್ಟು ದಪ್ಪಕ್ಕೆ ಹಾಕಿ. ಅಲ್ಲಿಯವರೆಗೆ ಬಾಟಲಿಗೆ ಒಂದೇ ಸ್ಟಾರ್.