ಹಿತ್ತಲು ಸಂಘ: ಚಂದಾ 100 ರೂಪಾಯಿ, ಬುದ್ಧಿಮಾತು ಧಾರಾಳ

ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ನಾಲ್ಕಾರು ಹಳ್ಳಿಯವರು ಕೂಡಿ ನಡೆಸುವ ಹಿತ್ತಲು ಸಂಘಕ್ಕೆ ಸೇರಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಸೇರಿ, ಆದರೆ ನಿಮ್ಮ ಮಣ್ಣು ಕಪ್ಪು ಎರೆಯೋ ಕೆಂಪು ಮಸಾರಿಯೋ ಎಂಬುದನ್ನು ಮೊದಲ ದಿನವೇ ಗಟ್ಟಿಯಾಗಿ ಹೇಳಿಬಿಡಿ.

ವರ್ಷದ ಚಂದಾ 100 ರೂಪಾಯಿ. ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಸಭೆಯೂ ಅಂದೇ, ಹೊತ್ತೇರಿದ ಮೇಲೆ. ಎತ್ತಿಗೆ ರಜೆ ಇದ್ದ ಮಾತ್ರಕ್ಕೆ ಒಲೆಗೂ ರಜೆ ಇರುತ್ತದೆಯೇ? ಹೆಂಗಸರು ರೊಟ್ಟಿ ಬಡಿದು ಬರುವಷ್ಟರಲ್ಲಿ ಅರ್ಧ ಮಾತು ಮುಗಿದಿರುತ್ತದೆ. ಹಿತ್ತಲು ನೋಡಿಕೊಳ್ಳುವವರು ನಾವು, ಸಭೆಯ ಹೊತ್ತು ಗೊತ್ತು ಮಾಡುವವರು ಗಂಡಸರು!

ಸಂಘದ ನಿಜವಾದ ಆಸ್ತಿ ಒಂದು ದಪ್ಪ ವಹಿ. ಅದರಲ್ಲಿ ತಿಂಗಳ ಲೆಕ್ಕವಿಲ್ಲ, ಮಳೆಗಳ ಲೆಕ್ಕ. ರೋಹಿಣಿಯಿಂದ ಸ್ವಾತಿಯವರೆಗೆ ಒಂದೊಂದು ಮಳೆಗೂ ಅದರದೇ ಪುಟಗಳು. ಚಾತಕ ಮೊದಲು ಕೂಗಿದ್ದು, ಬೇವಿನ ಹಣ್ಣು ಉದುರತೊಡಗಿದ್ದು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಯ ಮಾಗಡಿ ಕೆರೆಗೆ ಇಳಿದದ್ದು, ಎಲ್ಲವೂ ಅಲ್ಲಿವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ವಹಿ ಬರೆಯುವ ಅಜ್ಜ ಅದನ್ನೂ ಒಂದು ಸಾಲಿನಲ್ಲಿ ಬರೆದು, ಕೆಳಗೆ ಅಂದಿನ ಬದನೆಯ ಹುಳದ ಸಂಗತಿಯನ್ನು ಮುಂದುವರಿಸಿದ್ದಾರೆ.

ಇಲ್ಲಿಯ ಸಲಹೆಗಳೆಲ್ಲ ಕಂಡದ್ದರಿಂದಲೇ ಹುಟ್ಟುತ್ತವೆ. ಬೇವಿನ ಹಣ್ಣು ಉದುರಿದ ಸುದ್ದಿ ಬಂದರೆ ಆರಿಸಿ, ತೊಳೆದು, ನೆರಳಿನಲ್ಲಿ ಒಣಗಿಸಿಡಿ ಎನ್ನುತ್ತಾರೆ. ಮುಂದೆ ಮೆಣಸಿನ ಗಿಡಕ್ಕೆ ಹುಳು ಬಿದ್ದಾಗ 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಕದಡಿ ಸಿಂಪಡಿಸಬಹುದು. ನುಗ್ಗೆ ಮರದ ಕಂಬಳಿಹುಳು ಹಗಲು ಕಾಂಡದ ಮೇಲೆ ಒಂದೆಡೆ ಗುಂಪಾಗಿರುತ್ತದೆ, ಎಲೆಗೆಲ್ಲ ಔಷಧಿ ಹೊಡೆದು ದುಡ್ಡು ಕಳೆಯಬೇಡಿ ಎಂದು ತೋರಿಸಿಕೊಟ್ಟವರೂ ಇವರೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೀರೆಯ ಪಾಠ. ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಇಲ್ಲ ಎಂದು ಒಬ್ಬ ಅಕ್ಕ ದೂರಿದರು. ಅಜ್ಜ ಗೊಬ್ಬರದ ಮಾತೆತ್ತಲಿಲ್ಲ. ‘ಹೂವು ಅರಳುವುದು ಎಷ್ಟು ಹೊತ್ತಿಗೆ?’ ಎಂದು ಕೇಳಿದರು. ಹೀರೆ ಅರಳುವುದು ಸಂಜೆ, ಹಾಗಲ ಬೆಳಿಗ್ಗೆ. ಸಂಜೆ ಔಷಧಿ ಹೊಡೆದರೆ ಹೀರೆಗೆ ಬಂದು ಪರಾಗ ಮುಟ್ಟಿಸುವ ಪತಂಗಗಳೇ ಸಾಯುತ್ತವೆ. ಜೊತೆಗೆ, ಮೊದಮೊದಲು ಬಿಡುವುದು ಬರೀ ಗಂಡು ಹೂವು. ಹೆಣ್ಣು ಹೂವಿನ ಬುಡದಲ್ಲಿ ಎಳೆಗಾಯಿ ಕಾಣುತ್ತದೆ. ಅದು ಕಂಡ ಸಂಜೆ ಗಂಡು ಹೂವನ್ನು ಕಿತ್ತು ಅದಕ್ಕೆ ಮುಟ್ಟಿಸಿದರಾಯಿತು. ಔಷಧಿ ಅಂಗಡಿಯಲ್ಲಿ ಇದನ್ನು ಯಾರು ಹೇಳುತ್ತಾರೆ?

ಬೀಜ ವಿನಿಮಯ ಅಷ್ಟಕ್ಕಷ್ಟೆ. ಹಳೆಯ ಪತ್ರಿಕೆಯ ಪೊಟ್ಟಣಗಳ ಮೇಲೆ ವರ್ಷ ಬರೆದಿರುವುದಿಲ್ಲ. ಅವರೆಗೆ ಅದು ನಡೆದೀತು; ಉಳ್ಳಾಗಡ್ಡಿ ಬೀಜ ವರ್ಷ ದಾಟಿದರೆ ಮೊಳಕೆಯ ಆಸೆ ಬಿಟ್ಟಂತೆಯೇ.

ಇನ್ನು ನನ್ನ ದೊಡ್ಡ ತಕರಾರು. ಹಿರಿಯರೆಲ್ಲ ಎರೆ ಹೊಲದವರು. ಹಸ್ತ ಮಳೆ ಮುಗಿದೊಡನೆ ಮೆಂತ್ಯ, ಕೊತ್ತಂಬರಿ ಚೆಲ್ಲಿ, ಮಣ್ಣಿನ ಹಸಿಯೇ ಸಾಕು ಎನ್ನುತ್ತಾರೆ. ಎರೆಗೆ ಸಾಕು, ಅದು ನೀರನ್ನು ಹಿಡಿದಿಡುತ್ತದೆ. ನನ್ನ ಮಸಾರಿ ಹಿತ್ತಲಿನಲ್ಲಿ ನೀರು ಬಸಿದು ಹೋಗುತ್ತದೆ. ಒಣ ಹುಲ್ಲು ಹೊದಿಸಿ, ದಿನ ಬಿಟ್ಟು ದಿನ ನೀರು ಕೊಡದೆ ಸೊಪ್ಪು ಏಳುವುದಿಲ್ಲ. ಇದನ್ನು ಹೇಳಿದರೆ ‘ನೀವೂ ಬರೆಯಿರಿ ತಂಗಿ’ ಎಂದು ವಹಿಯನ್ನೇ ಮುಂದೆ ಸರಿಸಿದರು. ಬರೆಯುತ್ತಿದ್ದೇನೆ. ಮಸಾರಿಯವರು ಇನ್ನೂ ನಾಲ್ಕು ಜನ ಸೇರಿದರೆ ಸಭೆಯ ಹೊತ್ತನ್ನೂ ಬದಲಿಸಬಹುದು.