ಥಂಡರ್‌ಬರ್ಡ್ 350ಕ್ಕೆ ಆಯಿಲ್ ಮತ್ತು ಆಯಿಲ್ ಕೂಲರ್: ದೀರ್ಘಕಾಲದ ಬಳಕೆಯ ನಂತರ

ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350ರ ಯುಸಿಇ (ಎಂಜಿನ್, ಗೇರ್ ಬಾಕ್ಸ್ ಒಂದೇ ಕವಚದಲ್ಲಿರುವ ಯೂನಿಟ್ ಕನ್‌ಸ್ಟ್ರಕ್ಷನ್) ಎಂಜಿನ್‌ಗೆ ಯಾವ ಆಯಿಲ್ ಒಗ್ಗುತ್ತದೆ, ಹೊರಗಿನಿಂದ ಆಯಿಲ್ ಕೂಲರ್ (ಆಯಿಲನ್ನು ಗಾಳಿಯಲ್ಲಿ ತಣಿಸುವ ಸಣ್ಣ ರೇಡಿಯೇಟರ್) ಕೂರಿಸಿದರೆ ಖರ್ಚಿಗೆ ತಕ್ಕ ಪ್ರಯೋಜನವಿದೆಯೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಹಲವು ವರ್ಷಗಳಿಂದ ಇದೇ ಗಾಡಿಯಲ್ಲಿ ದೂರದ ಪ್ರಯಾಣ ಮಾಡುತ್ತಿರುವ ನಾನು ಈ ಎರಡು ಪ್ರಶ್ನೆಗಳಿಗೆ ಸ್ವಂತ ಅನುಭವದ ಉತ್ತರವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ನನ್ನ ಊರು ಹುಬ್ಬಳ್ಳಿ. ಬೇಸಿಗೆಯಲ್ಲಿ ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಓಡಾಟ, ಮಳೆಗಾಲದಲ್ಲಿ ಶಿರಸಿ, ಆಗುಂಬೆ, ಚಾರ್ಮಾಡಿ, ನಡುನಡುವೆ ಕೆಲಸದ ನಿಮಿತ್ತ ಬೆಂಗಳೂರು. ಈ ಮೂರು ಬಗೆಯ ಓಡಾಟದಲ್ಲಿ ಎಂಜಿನ್ ಬಿಸಿಯಾಗುವ ರೀತಿಯೇ ಬೇರೆ ಬೇರೆ. ಹಾಗಾಗಿ ಒಂದು ಕಡೆ ಉಪಕಾರಿಯಾದ ಬದಲಾವಣೆ ಇನ್ನೊಂದು ಕಡೆ ತೊಂದರೆ ಕೊಟ್ಟದ್ದೂ ಉಂಟು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಸರಿಯಾದ ಗ್ರೇಡಿನ ಆಯಿಲನ್ನು ತಪ್ಪದೆ ಬದಲಿಸುತ್ತಾ ಬಂದದ್ದರಿಂದ ಸಿಕ್ಕ ಲಾಭದ ಅರ್ಧದಷ್ಟೂ ಕೂಲರ್‌ನಿಂದ ಸಿಕ್ಕಿಲ್ಲ.

ಈ ಎಂಜಿನ್ 346 ಸಿಸಿಯದು. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಇದನ್ನು ತಣಿಸುವುದು ಫಿನ್‌ಗಳ ಮೇಲೆ ಹಾಯುವ ಗಾಳಿ ಮತ್ತು ಒಳಗೆ ಸುತ್ತುವ ಆಯಿಲ್ ಮಾತ್ರ. ಹಳೆಯ ಕ್ಯಾಸ್ಟ್ ಐರನ್ ಬುಲೆಟ್‌ನಲ್ಲಿ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಇರುವ ಚೈನ್ ಕೇಸ್ ಮೂರಕ್ಕೂ ಬೇರೆ ಬೇರೆ ಆಯಿಲ್ ಹಾಕಬೇಕಿತ್ತು. ಯುಸಿಇಯಲ್ಲಿ ಮೂರೂ ಒಂದೇ ಆಯಿಲಿನ ಪಾಲಿಗೆ ಬಂದವು, ಜೊತೆಗೆ ಆಯಿಲಿನ ಒತ್ತಡದಿಂದ ವಾಲ್ವ್‌ಗಳ ಸಂದು ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್‌ಗಳೂ ಸೇರಿಕೊಂಡವು. ಪಿಸ್ಟನ್ನಿನ ಬಿಸಿಯನ್ನು ಹೊರಬೇಕು, ಗೇರ್ ಹಲ್ಲುಗಳ ನಡುವೆ ಅರೆಸಿಕೊಳ್ಳಬೇಕು, ಕ್ಲಚ್ ಪ್ಲೇಟುಗಳು ಜಾರದಂತೆ ಇರಬೇಕು, ಟ್ಯಾಪೆಟ್‌ಗೆ ಒತ್ತಡವನ್ನೂ ಒದಗಿಸಬೇಕು. ಇಷ್ಟು ಕೆಲಸವನ್ನು ಒಂದೇ ಆಯಿಲ್ ಮಾಡಬೇಕಾದಾಗ ಡಬ್ಬಿಯ ಮೇಲಿನ ಬಣ್ಣದ ಚಿತ್ರಕ್ಕಿಂತ ಹಿಂಬದಿಯ ಸಣ್ಣ ಅಕ್ಷರಗಳಿಗೇ ಬೆಲೆ ಹೆಚ್ಚು.

ಕಂಪನಿ ಸೂಚಿಸುವುದು 15ಡಬ್ಲ್ಯು50 ಗ್ರೇಡ್, ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು) ಎಸ್‌ಎಲ್, ಜಾಸೋ ಎಂಎ. ಇದರಲ್ಲಿ 15ಡಬ್ಲ್ಯು ಎಂಬುದು ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದರ ಗುರುತು. ಹಿಮಾಲಯದ ಕಡೆಗೆ ಹೋಗದೆ ಕರ್ನಾಟಕದೊಳಗೇ ಸುತ್ತುವವರಿಗೆ ಅದರಿಂದ ಆಗಬೇಕಾದದ್ದು ಬಹಳವೇನಿಲ್ಲ. ನಮಗೆ ಮುಖ್ಯವಾದದ್ದು ಕೊನೆಯ 50. ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ 50 ಗ್ರೇಡಿನ ಸ್ನಿಗ್ಧತೆ (ಹರಿಯಲು ತೋರುವ ತಡೆ) 16.3ರಿಂದ 21.9 ಸೆಂಟಿಸ್ಟೋಕ್‌ಗಳ ನಡುವೆ ಇರಬೇಕು, 40 ಗ್ರೇಡಿನದು 12.5ರಿಂದ 16.3ರ ನಡುವೆ. ಈ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಒಮ್ಮೆ ದಾರಿಯಲ್ಲಿ ಬೇರೆ ಗತಿಯಿಲ್ಲದೆ 10ಡಬ್ಲ್ಯು40 ಹಾಕಿಸಿಕೊಂಡು ಬಂದಾಗ ಬೆಳಗಿನ ಹೊತ್ತು ಎಂಜಿನ್ ನಯವಾಗಿಯೇ ಇತ್ತು. ಮಧ್ಯಾಹ್ನದ ಬಿಸಿಲಲ್ಲಿ ಆಲಮಟ್ಟಿ ದಾಟಿ ನಿಲ್ಲಿಸಿದಾಗ ಐಡಲಿಂಗ್‌ನಲ್ಲಿ ಟ್ಯಾಪೆಟ್‌ಗಳ ಟಕಟಕ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಆಯಿಲ್ ತೆಳುವಾದಷ್ಟೂ ಟ್ಯಾಪೆಟ್‌ನೊಳಗಿನ ಒತ್ತಡ ಇಳಿಯುತ್ತದೆ. ಮನೆಗೆ ಬಂದು 15ಡಬ್ಲ್ಯು50ಕ್ಕೆ ಮರಳಿದ ಮೇಲೆ ಆ ಸದ್ದು ಅಡಗಿತು.

ಜಾಸೋ ಗುರುತಿನ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. ಇದು ಜಪಾನಿನ ಮಾನದಂಡ, 1998ರಲ್ಲಿ ಬಂದದ್ದು. ಎಂಎ ಎಂದರೆ ಆಯಿಲಿನಲ್ಲಿ ಮುಳುಗಿರುವ ಕ್ಲಚ್ ಜಾರದಷ್ಟು ಘರ್ಷಣೆ ಉಳಿದಿದೆ ಎಂದರ್ಥ; ಎಂಎ2 ಅದರಲ್ಲಿಯೇ ಹೆಚ್ಚು ಘರ್ಷಣೆಯ ವರ್ಗ; ಎಂಬಿ ಸ್ಕೂಟರಿನಂತಹ ಒಣ ಕ್ಲಚ್ಚಿನ ಗಾಡಿಗಳಿಗೆ. ಕಾರಿನ ಆಯಿಲಿನಲ್ಲಿ ಮೈಲೇಜಿಗಾಗಿ ಘರ್ಷಣೆ ತಗ್ಗಿಸುವ ಪದಾರ್ಥ ಸೇರಿಸಿರುವುದುಂಟು, ಅದು ನಮ್ಮ ಕ್ಲಚ್ಚಿಗೆ ಶತ್ರು. ಎಪಿಐನ ಎಸ್‌ಎಲ್ 2001ರದು, ಎಸ್‌ಎನ್ 2010ರದು. ಹೊಸ ಅಕ್ಷರವೆಂದರೆ ಉತ್ತಮ ಆಯಿಲ್ ಎಂದು ಅಂಗಡಿಯವರು ಹೇಳುವುದು ಸಾಮಾನ್ಯ. ಆದರೆ ಜಾಸೋ ಗುರುತಿಲ್ಲದ ಎಸ್‌ಎನ್ ಆಯಿಲಿಗಿಂತ ಜಾಸೋ ಎಂಎ ಇರುವ ಎಸ್‌ಎಲ್ ಆಯಿಲೇ ಈ ಗಾಡಿಗೆ ಸರಿ.

ನಾನು ಹೆಚ್ಚು ಕಾಲ ಬಳಸಿದವು ಮೂರು ಬಗೆ: ಸಾಮಾನ್ಯ ಮಿನರಲ್ ಆಯಿಲ್, ರಾಯಲ್ ಎನ್‌ಫೀಲ್ಡ್‌ನ ಸ್ವಂತ ಹೆಸರಿನ ಲಿಕ್ವಿಡ್ ಗನ್, ಮೋಟುಲ್ 7100. ಮೂರೂ 15ಡಬ್ಲ್ಯು50. ಮಿನರಲ್ ಆಯಿಲ್ ಹಾಕಿದ ಮೊದಲ ಸಾವಿರ ಕಿಲೋಮೀಟರಿನಲ್ಲಿ ದೂರು ಹೇಳಲು ಏನೂ ಇಲ್ಲ, ಎಂಜಿನ್ನಿನ ಸದ್ದಂತೂ ಅದರಲ್ಲಿಯೇ ಅತಿ ಮೃದು. ಎರಡೂವರೆ ಸಾವಿರದ ಹೊತ್ತಿಗೆ ಮಾತ್ರ ಮೊದಲನೆಯ ಗೇರಿನಿಂದ ನ್ಯೂಟ್ರಲ್‌ಗೆ ಬರುವುದು ಬಿಗಿಯಾಗುತ್ತದೆ, ಘಾಟಿಯ ತಿರುವಿನಲ್ಲಿ ಗೇರ್ ಇಳಿಸುವಾಗ ನಡುವೆ ಸಿಕ್ಕಿಕೊಂಡು ಫಾಲ್ಸ್ ನ್ಯೂಟ್ರಲ್ ಆಗುತ್ತದೆ. ಇದಕ್ಕೆ ಕಾರಣವಿದೆ. 15ರ ಆಯಿಲನ್ನು ಬಿಸಿಯಲ್ಲಿ 50ರಂತೆ ನಡೆದುಕೊಳ್ಳುವಂತೆ ಮಾಡುವುದು ಅದರಲ್ಲಿ ಬೆರೆಸಿದ ಉದ್ದನೆಯ ಪಾಲಿಮರ್ ಎಳೆಗಳು. ಗೇರ್ ಹಲ್ಲುಗಳು ಅವನ್ನು ಕತ್ತರಿಸುತ್ತಾ ಹೋದಂತೆ 50 ಗ್ರೇಡ್ ಮೆಲ್ಲಗೆ 40ರ ಕಡೆಗೆ ಜಾರುತ್ತದೆ. ಗೇರ್ ಬಾಕ್ಸ್ ಬೇರೆ ಇರುವ ಕಾರುಗಳಲ್ಲಿ ಆಯಿಲ್ ಹೆಚ್ಚು ದೂರ ಬಾಳುವುದಕ್ಕೆ ಇದೂ ಒಂದು ಕಾರಣ. ಮಿನರಲ್ ಹಾಕಿದಾಗ ನಾನು 3,000 ಕಿ.ಮೀ.ಗೆ ಬದಲಿಸುತ್ತಿದ್ದೆ.

ಲಿಕ್ವಿಡ್ ಗನ್ ಇದೇ ಸ್ಥಿತಿಗೆ ಬರಲು ನಾಲ್ಕೂವರೆ ಸಾವಿರದವರೆಗೆ ಹೋಗುತ್ತದೆ. ಮೋಟುಲ್ 7100 ಎಸ್ಟರ್ ಬೆರೆತ ಪೂರ್ಣ ಸಿಂಥೆಟಿಕ್; ಅದರ ಗುಣ ಕಾಣುವುದು ಹೊಸದರಲ್ಲಿ ಅಲ್ಲ, ಹಳತಾಗುತ್ತಾ ಬಂದಾಗ. ಐದು ಸಾವಿರ ಕಿ.ಮೀ. ದಾಟಿದ ಮೇಲೂ ಗೇರ್ ಬೀಳುವ ರೀತಿ ಹೆಚ್ಚು ಬದಲಾಗಿರಲಿಲ್ಲ. ಕೆಳಗೆ ಬಸಿದ ಆಯಿಲ್ ಕಪ್ಪಗಿದ್ದರೂ ಬೆರಳುಗಳ ನಡುವೆ ಉಜ್ಜಿದಾಗ ಮೈ ಉಳಿಸಿಕೊಂಡಿತ್ತು. ಸಿಂಥೆಟಿಕ್ ಹಾಕಿದರೆ ಎಂಜಿನ್ ತಣ್ಣಗಿರುತ್ತದೆ ಎಂಬ ಮಾತು ನನ್ನ ಗೇಜಿನಲ್ಲಿ ಕಾಣಿಸಲಿಲ್ಲ. ಅದು ಬಿಸಿಯನ್ನು ತಗ್ಗಿಸುವುದಿಲ್ಲ, ಬಿಸಿಯನ್ನು ತಾಳಿಕೊಳ್ಳುತ್ತದೆ. ಆಯಿಲಿನ ತಾಪ ಪ್ರತಿ ಹತ್ತು ಡಿಗ್ರಿ ಏರಿದಾಗಲೂ ಅದು ಆಕ್ಸಿಡೀಕರಣದಿಂದ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ಲೆಕ್ಕವನ್ನು ಇಟ್ಟುಕೊಂಡರೆ, ಬಯಲುಸೀಮೆಯ ಬೇಸಿಗೆಯಲ್ಲಿ ತಿರುಗುವವರು ಹೆಚ್ಚಿನ ಹಣ ಕೊಡುವುದರಲ್ಲಿ ಅರ್ಥವಿದೆ. ದಿನಕ್ಕೆ ಹತ್ತು ಕಿ.ಮೀ. ಆಫೀಸಿಗೆ ಹೋಗಿ ಬರುವವರಿಗೆ ಇಲ್ಲ. ಅವರ ಆಯಿಲ್ ಬಿಸಿಯಿಂದ ಕೆಡುವ ಮೊದಲೇ ನೀರಿನ ತೇವದಿಂದ ಕೆಟ್ಟಿರುತ್ತದೆ.

ಆಯಿಲಿನ ಮಟ್ಟವನ್ನು ಬಲಬದಿಯ ಗಾಜಿನ ಕಿಟಕಿಯಲ್ಲಿ ನೋಡುವಾಗ ಗಾಡಿ ಸೆಂಟರ್ ಸ್ಟ್ಯಾಂಡಿನ ಮೇಲೆ ನೇರವಾಗಿ ನಿಂತಿರಬೇಕು, ಎಂಜಿನ್ ಓಡಿಸಿ ಆರಿಸಿ ಕೆಲ ನಿಮಿಷ ಕಳೆದಿರಬೇಕು. ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಸುರಿದು ಕಿಟಕಿಯ ಮೇಲಂಚನ್ನು ದಾಟಿಸಿದರೆ ಹೆಚ್ಚಾದ ಆಯಿಲ್ ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಡಬ್ಬಕ್ಕೆ ಬಂದು ಸೇರುತ್ತದೆ. ನಾನು ಹೋಗುವ ಮೆಕ್ಯಾನಿಕ್ ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ತೂತು ಹೊಡೆದೇ ಬಿಸಾಡುತ್ತಾರೆ. ಒಳ್ಳೆಯ ಬ್ರಾಂಡಿನ ಖಾಲಿ ಡಬ್ಬಿಗಳಲ್ಲಿ ನಕಲಿ ಆಯಿಲ್ ತುಂಬಿ ಮಾರುವವರಿರುವಾಗ ಇದು ಗಿರಾಕಿಯೇ ಕೇಳಿ ಮಾಡಿಸಬೇಕಾದ ಕೆಲಸ.

ಇನ್ನು ತಣಿಸುವ ವಿಚಾರ. ಕೂಲರ್ ಕೊಳ್ಳುವ ಮೊದಲು ಖರ್ಚಿಲ್ಲದೆ ಮಾಡಬಹುದಾದದ್ದು ಬಹಳಷ್ಟಿದೆ. ಮಲೆನಾಡಿನ ಕೆಂಪು ಮಣ್ಣು ಫಿನ್‌ಗಳ ನಡುವೆ ಕೂತು ಒಣಗಿದರೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಹಳೆಯ ಬ್ರಷ್ಷಿನಿಂದ ಅದನ್ನು ತೆಗೆಯಬೇಕು. ಲೆಗ್ ಗಾರ್ಡಿಗೆ ಎರಡೂ ಬದಿ ಪೆಟ್ರೋಲ್ ಕ್ಯಾನ್ ಕಟ್ಟಿ, ಮುಂದೆ ದೊಡ್ಡ ಫಾಗ್ ಲೈಟ್ ಹಾಕಿ, ಸಿಲಿಂಡರ್ ಹೆಡ್ಡಿಗೆ ಗಾಳಿಯೇ ಹೋಗದಂತೆ ಮಾಡಿಕೊಂಡು ನಂತರ ಕೂಲರ್ ಹುಡುಕುವವರನ್ನು ನೋಡಿದ್ದೇನೆ. ಥಂಡರ್‌ಬರ್ಡ್‌ನ ಟ್ಯಾಂಕೇ 20 ಲೀಟರ್, ನಮ್ಮ ರಾಜ್ಯದೊಳಗೆ ಕ್ಯಾನ್ ಯಾಕೆ ಬೇಕೋ ತಿಳಿಯದು. ಸೈಲೆನ್ಸರ್ ಬದಲಿಸಿ ಕಾರ್ಬ್ಯುರೇಟರಿನ ಜೆಟ್ ಹಾಗೆಯೇ ಬಿಟ್ಟರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ ಹೆಡ್ ಕಾಯುತ್ತದೆ. ಈ ಬಿಸಿಗೆ ಕೂಲರ್ ಮದ್ದಲ್ಲ.

ನಾನು ಹಾಕಿಸಿದ್ದು ಏಳು ಸಾಲಿನ ಅಲ್ಯೂಮಿನಿಯಂ ಕೂಲರ್. ಕಂಪನಿಯ ಆಯಿಲ್ ಫಿಲ್ಟರ್ ಮುಚ್ಚಳ ತೆಗೆದು, ಎರಡು ದಾರಿಗಳಿರುವ ಬೇರೆ ಮುಚ್ಚಳ ಕೂರಿಸಿ, ಅಲ್ಲಿಂದ ಸ್ಟೀಲ್ ಹೆಣಿಗೆಯ ಹೋಸ್‌ಗಳಲ್ಲಿ ಆಯಿಲನ್ನು ಮುಂದಿನ ಫ್ರೇಮ್ ಪೈಪಿಗೆ ಕಟ್ಟಿದ ಕೂಲರಿಗೆ ಒಯ್ದು ಮರಳಿ ತರುವ ವ್ಯವಸ್ಥೆ. ಆಯಿಲ್ ತುಂಬುವ ಬಾಯಿಗೆ ಮುಚ್ಚಳದಂತೆ ಕೂರುವ ತಾಪದ ಗೇಜನ್ನು ಕೂಲರಿಗೂ ಮೊದಲೇ ಹಾಕಿಸಿದ್ದರಿಂದ ಹೋಲಿಸಿ ನೋಡಲು ಸಾಧ್ಯವಾಯಿತು. ಹೊಸಪೇಟೆಯಿಂದ ವಿಜಯಪುರದ ಕಡೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಏಪ್ರಿಲ್ ಮಧ್ಯಾಹ್ನ, ಗಂಟೆಗೆ 85 ಕಿ.ಮೀ.ನ ಆಸುಪಾಸಿನಲ್ಲಿ ನಿಲ್ಲಿಸದೆ ಓಡಿಸಿದಾಗ ಮೊದಲು 120ನ್ನು ಮುಟ್ಟುತ್ತಿದ್ದ ಮುಳ್ಳು ಕೂಲರ್ ಬಂದ ಮೇಲೆ 105ರ ಹತ್ತಿರ ನಿಂತಿತು. ಇದು ಕಡಿಮೆ ಲಾಭವೇನಲ್ಲ, ಮೇಲಿನ ಇಮ್ಮಡಿಯ ಲೆಕ್ಕದಲ್ಲಿ ನೋಡಿದರೆ ಆಯಿಲಿನ ಆಯುಸ್ಸಿಗೆ ಇದು ದೊಡ್ಡದೇ.

ಬೆಂಗಳೂರಿನಲ್ಲಿ ಕಥೆ ಬೇರೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಕೂಲರಿನ ಮೇಲೆ ಹಾಯಲು ಗಾಳಿಯೇ ಇಲ್ಲ, ಫ್ಯಾನೂ ಇಲ್ಲ. ಸಿಲ್ಕ್ ಬೋರ್ಡ್ ಕಡೆ ಸಂಜೆ ಸಿಕ್ಕಿಕೊಂಡಾಗ ಗೇಜು ಮೊದಲಿನಂತೆಯೇ ಏರಿತು, ಹೆಚ್ಚುವರಿ ಆಯಿಲಿನಿಂದಾಗಿ ಏರುವುದು ಸ್ವಲ್ಪ ತಡವಾಯಿತು ಅಷ್ಟೇ. ನಗರದ ಟ್ರಾಫಿಕ್ಕಿಗಾಗಿ ಕೂಲರ್ ಕೊಳ್ಳುವವರು ಆ ಹಣವನ್ನು ಇಟ್ಟುಕೊಳ್ಳುವುದು ಲೇಸು.

ನಿಜವಾದ ತೊಂದರೆ ಕಾಣಿಸಿದ್ದು ಮಳೆಗಾಲದಲ್ಲಿ. ಆಗುಂಬೆಯ ಸುತ್ತ ಎರಡು ದಿನ ತಿರುಗಿ ಬಂದು ಗೇಜ್ ಬಿಚ್ಚಿದಾಗ ಅದರ ಒಳಬದಿಗೆ ಮಜ್ಜಿಗೆಯ ಬಣ್ಣದ ಜಿಡ್ಡು ಅಂಟಿಕೊಂಡಿತ್ತು. ದಾರಿಯುದ್ದಕ್ಕೂ ಮುಳ್ಳು 70ನ್ನು ದಾಟಿರಲೇ ಇಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿಯಲ್ಲಿ ಸ್ವಲ್ಪ ಭಾಗ ಆಯಿಲಿಗೆ ಇಳಿಯುವುದು ಸಹಜ; ಆಯಿಲ್ ಚೆನ್ನಾಗಿ ಕಾದು ನೂರರ ಹತ್ತಿರ ಸುಳಿದಾಡಿದರೆ ಮಾತ್ರ ಅದು ಆವಿಯಾಗಿ ಬ್ರೀದರಿನಿಂದ ಹೊರಹೋಗುತ್ತದೆ. ತಂಪು ಹವೆಯಲ್ಲಿ, ಸುರಿಯುವ ಮಳೆಯಲ್ಲಿ ಕೂಲರ್ ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಸುಮಾರು 80 ಡಿಗ್ರಿಯವರೆಗೆ ಆಯಿಲನ್ನು ಕೂಲರಿಗೆ ಬಿಡದ ಥರ್ಮೋಸ್ಟಾಟ್ ಸೇರಿಸಿದ ಮೇಲೆ ಈ ಸಮಸ್ಯೆ ಬಹುಮಟ್ಟಿಗೆ ನೀಗಿತು. ಥರ್ಮೋಸ್ಟಾಟ್ ಇಲ್ಲದ ಕಿಟ್ಟನ್ನು, ಬೆಲೆ ಎಷ್ಟೇ ಕಡಿಮೆಯಿರಲಿ, ಮಲೆನಾಡಿನವರಿಗೆ ನಾನು ಹೇಳಲಾರೆ.

ಕಿಟ್ಟಿನ ಗುಣಮಟ್ಟದ ಬಗ್ಗೆ ನನಗೆ ತೃಪ್ತಿಯಿಲ್ಲ. ತಯಾರಕರ ಹೆಸರು ಬೇಡ. ಕೂಲರ್ ಗಟ್ಟಿಯಾಗಿದೆ, ಆದರೆ ಜೊತೆಗೆ ಬಂದ ಅಲ್ಯೂಮಿನಿಯಂ ವಾಷರ್‌ಗಳು ಒಂದೇ ಬೇಸಿಗೆಯಲ್ಲಿ ಚಪ್ಪಟೆಯಾಗಿ ಹೋಸ್ ಜೋಡಿಸುವ ಬ್ಯಾಂಜೋ ಬೋಲ್ಟಿನ ಬುಡದಲ್ಲಿ ಆಯಿಲ್ ಒಸರತೊಡಗಿತು. ಒಂದು ಹೋಸ್ ಫ್ರೇಮಿಗೆ ಉಜ್ಜಿ ಪೇಂಟ್ ಕೆರೆದಿತ್ತು. ಸ್ಟೀಲ್ ಹೆಣಿಗೆ ಅರದಂತೆ ಕೆಲಸ ಮಾಡುತ್ತದೆ. ತಾಮ್ರದ ವಾಷರ್ ಹಾಕಿಸಿ, ಹೋಸಿನ ಮೇಲೆ ರಬ್ಬರ್ ಕೊಳವೆ ತೊಡಿಸಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದ ಮೇಲೆ ಸೋರಿಕೆ ನಿಂತಿದೆ. ಆದರೂ ದೂರದ ಪ್ರಯಾಣದಲ್ಲಿ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಬಗ್ಗಿ ಆ ಬೋಲ್ಟುಗಳನ್ನು ನೋಡುವುದು ಅಭ್ಯಾಸವಾಗಿದೆ. ಇಲ್ಲಿ ಹೋಸ್ ಒಡೆದರೆ ಆಯಿಲ್ ಬೀಳುವುದು ಹಿಂದಿನ ಟೈರಿನ ದಾರಿಗೇ.

ಹಿಮಾಲಯನ್ 411 ಮತ್ತು 650 ಟ್ವಿನ್‌ಗಳಿಗೆ ಕಂಪನಿಯೇ ಆಯಿಲ್ ಕೂಲರ್ ಕೊಟ್ಟಿರುವುದರಿಂದ ಆ ಗಾಡಿಗಳವರು ಹೊಸದಕ್ಕೆ ಹಣ ಹಾಕಬೇಕಿಲ್ಲ. ಅದರ ಫಿನ್‌ಗಳಲ್ಲಿ ಸಿಕ್ಕ ಹುಳುಗಳನ್ನೂ ಮಣ್ಣನ್ನೂ ಕಡಿಮೆ ಒತ್ತಡದ ನೀರಿನಿಂದ ತೊಳೆದರೆ ಸಾಕು. ವಾಟರ್ ಸರ್ವೀಸ್ ಅಂಗಡಿಯ ಜೋರಾದ ಪೈಪನ್ನು ಹತ್ತಿರದಿಂದ ಹಿಡಿದರೆ ಆ ತೆಳು ಫಿನ್‌ಗಳು ಮಡಚಿಕೊಳ್ಳುತ್ತವೆ. 650ರ ಆಯಿಲ್ 10ಡಬ್ಲ್ಯು50 ಆದ್ದರಿಂದ ನಾನು ಮೇಲೆ ಹೇಳಿದ ಡಬ್ಬಿಗಳನ್ನು ಅದಕ್ಕೆ ಸುರಿಯಬಾರದು.